ಬಿಸಿಲಿಗಿಟ್ಟ ಬಾಟಲಿ

ಹೋದ ವಾರ ಮಾಳಿಗೆಯ ಮೇಲೆ ಉಪ್ಪಿನಕಾಯಿ ಭರಣಿಗಳನ್ನು ಬಿಸಿಲಿಗಿಡುವಾಗ ಒಂದರ ಬಾಯಿಬಟ್ಟೆ ಬಿಚ್ಚಿದೆ. ಕೆಟ್ಟ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಲ್ಲೇ ಕುಳಿತುಬಿಟ್ಟೆ. ಲಕ್ಷ್ಮೇಶ್ವರದ ನಮ್ಮ ಬಾಡಿಗೆ ಮನೆ, ಅದಕ್ಕೆ ಅಂಟಿಕೊಂಡಿದ್ದ ಪಕ್ಕದ ಮಾಳಿಗೆ, ಆ ಮನೆಯ ಮಿಲ್ಟ್ರಿ ಕಾಕಾ... ನಲವತ್ತು ವರ್ಷದ ಮೇಲಾಯಿತು.

ಮದುವೆಯಾಗಿ ಆ ಮನೆಗೆ ಹೋದಾಗ ನನಗೆ ಇಪ್ಪತ್ತು, ಕಾಕಾನಿಗೆ ಅರವತ್ತರ ಹತ್ತಿರ. ಹರೆಯದಲ್ಲಿ ದೊಡ್ಡ ಯುದ್ಧಕ್ಕೆ ಹೋಗಿ, ಇಟಲಿಯ ದಕ್ಷಿಣದ ಹಳ್ಳಿಯೊಂದರಲ್ಲಿ ಚಳಿಗಾಲ ಕಳೆದು ಬಂದವರು. ಗುಂಡು, ಬಂದೂಕಿನ ಮಾತು ಎಂದೂ ಆಡುತ್ತಿರಲಿಲ್ಲ. ಆಡಿದರೆ ಊಟದ ಮಾತು. ಅಲ್ಲಿಯ ಮುದುಕಿಯೊಬ್ಬಳು ಇವರಿಗೂ, ಜೊತೆಗಿದ್ದ ಹೊಂಬಳದ ಗೆಳೆಯನಿಗೂ ಎಣ್ಣೆಯಲ್ಲಿ ಬೆಂದ ಬದನೆಕಾಯಿ, ಮೆಣಸಿನಕಾಯಿ, ಕಲ್ಲಿನಂಥ ರೊಟ್ಟಿ ಇಕ್ಕಿ, ಕಪ್ಪಗೆ ಕಾಣುವಷ್ಟು ಕೆಂಪಾದ ವೈನ್ ಕೊಟ್ಟಿದ್ದಳಂತೆ.

“ಹಸಿ ಪೇರಲಕಾಯಿ ಕಡದಂಗ ವಗರು ನೋಡವಾ. ಎಣ್ಣಿ, ಖಾರ, ಬಳ್ಳೊಳ್ಳಿ ಇದ್ರನ ಅದಕ್ಕ ಜೋಡಿ. ಸಿಹಿ ತಿಂದು ಕುಡದ್ರ ಎರಡೂ ಕೆಡತಾವು,” ಎನ್ನುತ್ತಿದ್ದರು.

ಒಂದು ವರ್ಷ, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಅಣ್ಣನ ಮಗ ಅದೇ ಸೀಮೆಯ ವೈನಿನ ಬಾಟಲಿ ತಂದುಕೊಟ್ಟ. ಆಗ ಹೊಂಬಳದ ಗೆಳೆಯ ಗದಗಿನ ಆಸ್ಪತ್ರೆಯಲ್ಲಿದ್ದರು. ಅವರು ಎದ್ದು ಬಂದ ಮೇಲೆ ಇಬ್ಬರೂ ಕೂತು ಕುಡಿಯಬೇಕೆಂಬುದೇ ಕಾಕಾನ ಆಸೆ. ನಿತ್ಯ ಪೂಜೆ ಮಾಡುವ ಅವರ ಹೆಂಡತಿ, ಕಾಕು, ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಕಾಕಾ ಟವೆಲಿನಲ್ಲಿ ಸುತ್ತಿ ತಂದು ನಮ್ಮ ಜೋಳದ ಡಬ್ಬಿಯಲ್ಲಿ ಅಡ್ಡ ಮಲಗಿಸಿ, “ಜ್ವಾಪಾನ,” ಎಂದರು.

ಜೋಪಾನ ಮಾಡಿದೆ, ನನ್ನ ಜಾಣತನದಲ್ಲಿ. ಹಣ್ಣಿನಿಂದ ಮಾಡಿಟ್ಟದ್ದು ಬಿಸಿಲು ಕಾಣದಿದ್ದರೆ ಬೂಜು ಹಿಡಿಯುತ್ತದೆಂದು ನನ್ನವ್ವ ಕಲಿಸಿದ್ದಳು. ಆ ಬೇಸಿಗೆ ಮಾಳಿಗೆಯ ಮೇಲೆ ಉಪ್ಪಿನಕಾಯಿ ಭರಣಿಗಳ ಸಾಲಿನಲ್ಲಿ ಬಾಟಲಿಯನ್ನೂ ನಿಲ್ಲಿಸಿ ಎಂಟು ದಿನ ಒಣ ಬಿಸಿಲು ಕಾಯಿಸಿದೆ. ಬಿರಡೆ ಮೇಲೆದ್ದು ಬಂತು. ಹೆಬ್ಬೆರಳಿನಿಂದ ಒತ್ತಿ, ಮತ್ತೆ ಜೋಳದಲ್ಲಿ ಹೂತಿಟ್ಟೆ. ಕಾಕಾನಿಗೆ ದೊಡ್ಡ ಉಪಕಾರ ಮಾಡಿದೆನೆಂಬ ಹಿಗ್ಗು ಬೇರೆ.

ದೀಪಾವಳಿ ಕಳೆದ ಮೇಲೆ ಗೆಳೆಯ ಬಸ್ಸಿಳಿದು ಬಂದರು. ಎಲುಬು, ಚರ್ಮ ಅಷ್ಟೇ ಉಳಿದಿತ್ತು. ಎಣ್ಣೆಗಾಯಿ, ಕಟಕ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ ಮಾಡಿ ನಮ್ಮ ಪಡಸಾಲೆಯಲ್ಲೇ ಬಡಿಸಿದೆ. ಕಾಕಾ ಎರಡು ಲೋಟಕ್ಕೆ ಸುರಿದರು. ಇಬ್ಬರೂ ಒಂದು ಗುಟುಕು ಕುಡಿದರು.

“ಅದ ಐತಿ ಅಲ್ಲೇನಲೇ?” ಕಾಕಾ ಕೇಳಿದರು.

ಗೆಳೆಯ ಲೋಟದೊಳಗೆ ನೋಡುತ್ತ ಕೂತರು. “ಹೂಂ. ಅದ ಐತಿ. ಆ ಮುದುಕಿ ಕೊಟ್ಟದ್ದ.”

ಬಾಟಲಿ ಖಾಲಿಯಾಗುವವರೆಗೂ ಕುಡಿದರು. ಆಮೇಲೆ ಲೋಟ ತೊಳೆಯಲು ಒಯ್ದಾಗ ಮೂಸಿ ನೋಡಿದೆ... ಹಳಸಿದ ಹುಣಸೆನೀರಿನ ವಾಸನೆ. ಹೊರಗೆ ಬಂದು ತಪ್ಪು ಒಪ್ಪಿಕೊಳ್ಳಲು ಧೈರ್ಯ ಸಾಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಗೆಳೆಯ ತೀರಿಕೊಂಡರು.

ಕೆಲವು ವರ್ಷಗಳ ಮೇಲೆ ಕಾಕಾನೂ ಹೋದರು. ಒಂದು ದಿನ ಕಾಕುಗೆ ಉಪ್ಪಿನಕಾಯಿ ಕೊಡಲು ಹೋಗಿದ್ದೆ. ಅದನ್ನು ನೋಡಿ ಅವರಿಗೆ ನೆನಪಾಯಿತು.

“ಆ ಬ್ಯಾಸಗ್ಯಾಗ ನಿನ್ನ ಭರಣಿ ಸಾಲಿನ್ಯಾಗ ನಮ್ಮವರು ತಮ್ಮ ಬಾಟ್ಲಿ ನೋಡಿ ಮಾಳಿಗಿ ಇಳದು ಬಂದ್ರು. ಅವತ್ತ ಉಣ್ಣಲಿಲ್ಲ. ಅದು ಕೆಟ್ಟು ಹೋತು, ಆದ್ರ ಆ ಹುಡುಗಿ ಜ್ವಾಪಾನ ಮಾಡಾಕತ್ತಾಳ, ಏನೂ ಅನಬ್ಯಾಡ ಅಂದ್ರು.”

ಅತ್ತುಬಿಟ್ಟೆ. ಕಾಕು ನನ್ನ ಬೆನ್ನ ಮೇಲೆ ಕೈಯಾಡಿಸಿದರು.

ಈಗ ಕಾಕೂ ಇಲ್ಲ. ಕೆಟ್ಟ ಉಪ್ಪಿನಕಾಯಿ ಚೆಲ್ಲಿ, ಭರಣಿ ತೊಳೆದು ಖಾಲಿಯಾಗಿಯೇ ಬಿಸಿಲಿಗಿಟ್ಟೆ. ಪಕ್ಕದ ಮಾಳಿಗೆಯ ಕಡೆ ತಿರುಗಿ ನೋಡಿದೆ. ಇದು ಬೇರೆ ಊರು, ಅದು ಯಾರದೋ ಮಾಳಿಗೆ. ಆದರೂ ನೋಡಿದೆ.