ಕುರಿ ಕದ್ದವನ ಕಾಲುಬೇಡಿ

ನೆಲ್ಸನ್ ಎಂಬ ಪರದೇಶದ ಊರಿನ ಪುಟ್ಟ ವಸ್ತುಸಂಗ್ರಹಾಲಯ. ನಮ್ಮ ಬಸ್ಸಿಗೆ ಇನ್ನು ಹತ್ತೇ ನಿಮಿಷ. ಅಷ್ಟರಲ್ಲಿ ಧಾರವಾಡದ ನಮ್ಮ ಸೋದರತ್ತೆ ಚಪ್ಪಲಿ ಕಳಚಿ, ಗಾಜಿನ ಪೆಟ್ಟಿಗೆಯಲ್ಲಿದ್ದ ಕಾಲುಬೇಡಿಗೆ ಕೈಮುಗಿದು ನಿಂತುಬಿಟ್ಟರು. ಕುರಿ ಕದ್ದು ಇಂಗ್ಲೆಂಡಿನಿಂದ ಸಿಡ್ನಿಗೆ ಗಡೀಪಾರಾಗಿ, ಶಿಕ್ಷೆ ಮುಗಿದ ಮೇಲೆ ಇಲ್ಲಿಗೆ ಬಂದು ನೆಲೆಸಿದ ಕೈದಿಯೊಬ್ಬನ ಬೇಡಿ ಅದು. ಪಕ್ಕದ ಫಲಕದಲ್ಲಿ ಎಲ್ಲವನ್ನೂ ಬರೆದಿದ್ದಾರೆ.

"ಅತ್ತಿ, ಅಂವ ಕುರಿ ಕಳ್ಳ. ನಡೀರಿ," ಎಂದೆ.

"ಬ್ರಿಟಿಷರು ಬರದದ್ದು ನೀ ನಂಬ್ತೀಯೇನು? ನಮ್ಮಜ್ಜಗೂ ಟಪಾಲು ಚೀಲ ಕದ್ದಾಂವ ಅಂತನ ಬರದು ಬೇಡಿ ಹಾಕಿದ್ರು."

"ಅಜ್ಜ ಸ್ವಾತಂತ್ರ್ಯಕ್ಕ ಕದ್ದಾರ. ಇಂವ ಕುರಿ ಕದ್ದದ್ದು ಹೊಟ್ಟಿಗೆ."

"ಹಂಗಾರ ಪಾಪ, ಹಸದಾಂವಗ ಬೇಡಿ ಹಾಕ್ಯಾರ," ಎಂದು ಇನ್ನೊಮ್ಮೆ ಕೈಮುಗಿದರು.

ಬಾಗಿಲ ಬಳಿ ಟಿಕೆಟ್ ಕೊಡುತ್ತಿದ್ದ ಬಿಳಿಗೂದಲ ಮಹಿಳೆ ಬಂದು ಏನು ವಿಷಯವೆಂದು ಕೇಳಿದರು. ನಮ್ಮ ಕಡೆ ಬ್ರಿಟಿಷರ ಬೇಡಿ ತೊಟ್ಟವರೆಂದರೆ ಸ್ವಾತಂತ್ರ್ಯ ಹೋರಾಟಗಾರರು, ಅತ್ತೆಗೆ ಅದೇ ರೂಢಿ ಎಂದು ಇಂಗ್ಲಿಷಿನಲ್ಲಿ ಸಮಜಾಯಿಷಿ ಕೊಟ್ಟೆ.

ಆಕೆ ಬೇಡಿಯತ್ತ ಕೈ ತೋರಿಸಿದರು. "ಅವನು ನನ್ನ ಮುತ್ತಜ್ಜ. ನಮ್ಮ ಮನೆಯಲ್ಲಿ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ. ದಯವಿಟ್ಟು ಅವರಿಗೆ ಕುರಿಯ ವಿಷಯ ಹೇಳಬೇಡಿ."

ಬಸ್ಸು ಹೋಗಿತ್ತು. ಕುರಿಯ ವಿಷಯ ನಾನು ಆಗಲೇ ಎರಡು ಸಲ ಹೇಳಿದ್ದೆ.