ವಾಲ್ವಕ್ಕನ ರಜೆ

‘ನಿಮಗೇನು ಬಿಡಿ’ ಎನ್ನುವ ಮಾತು ಕೇಳುವುದಕ್ಕೆ ಹೊಗಳಿಕೆಯಂತೆಯೇ ಇರುತ್ತದೆ. ಯಾರೋ ಪಾಪ ನಮ್ಮ ಅದೃಷ್ಟ ಕಂಡು ಕರುಬುತ್ತಿದ್ದಾರೆ ಎಂದುಕೊಂಡು ನಾವು ಹಲ್ಲು ಕಿರಿದು ನಿಲ್ಲುತ್ತೇವೆ. ಆ ಎರಡೇ ಪದಗಳಲ್ಲಿ ತನ್ನ ಇಪ್ಪತ್ತೆರಡು ವರ್ಷದ ರಜೆಗಳನ್ನೆಲ್ಲ ದೋಚಿದ್ದಾರೆ ಎಂದು ವಾಲ್ವಕ್ಕನಿಗೆ ಅರ್ಥವಾಗುವ ಹೊತ್ತಿಗೆ ಆಕೆಗೆ ನಲವತ್ತೊಂಬತ್ತು ತುಂಬಿತ್ತು.

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಕೆಯ ಕೆಲಸ. ಗೋಡೆಯುದ್ದಕ್ಕೂ ಸಾಲಾಗಿ ವಾಲ್ವುಗಳ ಕಬ್ಬಿಣದ ಚಕ್ರಗಳು, ಒಂದೊಂದು ಚಕ್ರಕ್ಕೆ ಒಂದೊಂದು ಬಡಾವಣೆ. ಗುಡ್ಡದ ಬೀದಿಗೆ ಮೂವತ್ತು ಸುತ್ತು, ಆಸ್ಪತ್ರೆ ಸಾಲಿಗೆ ಹದಿನಾಲ್ಕು, ಹಳೇ ಬೀದಿಗೆ ಒಂಬತ್ತೇ ಒಂಬತ್ತು. ಗುಡ್ಡಕ್ಕೆ ಒಂದು ಸುತ್ತು ಕಡಿಮೆಯಾದರೆ ಮೇಲಿನ ಮನೆಗಳಿಗೆ ನೀರು ಹತ್ತುವುದಿಲ್ಲ. ಹಳೇ ಬೀದಿಗೆ ಒಂದು ಹೆಚ್ಚಾದರೆ ಅಲ್ಲಿನ ಮುದಿ ಪೈಪು ಬಾಯಿ ಬಿಡುತ್ತದೆ. ಇದೆಲ್ಲ ಆಕೆಗೆ ಬಾಯಿಪಾಠ. ಮೋಟರಿನ ಸದ್ದು ಕೇಳಿದರೆ ಸಾಕು, ಚಪ್ಪಲಿ ಬಿಡುವ ಮೊದಲೇ ‘ಒಳಗೆ ಗಾಳಿ ಸೇರಿದೆ ಕಣ್ರೀ, ನಿಲ್ಲಿಸಿ’ ಎಂದು ಹೊರಗಿನಿಂದಲೇ ಕೂಗುತ್ತಿದ್ದಳು.

ನೀರಿಗೆ ರಜೆಯಿಲ್ಲ, ಸರಿ. ವರ್ಷದ ಕೊನೆಯ ವಾರ ಇಡೀ ಊರೇ ಬೀಗ ಹಾಕಿಕೊಂಡು ಕುಣಿದರೂ ಪಂಪ್‌ಹೌಸಿನಲ್ಲಿ ಯಾರಾದರೂ ಇರಲೇಬೇಕು, ಅದೂ ಸರಿ. ಆ ‘ಯಾರಾದರೂ’ ಯಾವಾಗಲೂ ವಾಲ್ವಕ್ಕನೇ ಆಗಬೇಕು ಅಂತ ಯಾವ ಕಲ್ಲಿನ ಮೇಲೆ ಬರೆದಿತ್ತು? ಮೊದಲ ವರ್ಷ ಅಂದಿನ ಸಾಹೇಬರು ಮೆತ್ತಗೆ ಕರೆದು, “ನೋಡಮ್ಮ, ಇವರಿಗೆಲ್ಲ ಹೆಂಡತಿ ಮಕ್ಕಳು. ನಿಮಗೇನು ಬಿಡಿ, ಒಬ್ಬರೇ” ಅಂದಿದ್ದರು. ಇಪ್ಪತ್ತೇಳರ ಹುಡುಗಿ, ಹೌದಲ್ಲ ಎಂದು ಒಪ್ಪಿಕೊಂಡಳು. ಸ್ವಲ್ಪ ಹೆಮ್ಮೆಯೂ ಆಯಿತಂತೆ. ಆಮೇಲೆ ನಾಲ್ಕು ಜನ ಸಾಹೇಬರು ಬದಲಾದರು. ಮಾತು ಮಾತ್ರ ಬದಲಾಗಲಿಲ್ಲ. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಜೊತೆಯವರನ್ನು ನೋಡಿ. ಮೋಟರ್ ಮಾಮನಿಗೆ ಮೊದಲು ಮಗಳು ಚಿಕ್ಕವಳು ಎಂದು ರಜೆ. ಮಗಳು ಬೆಳೆದಳು, ಪರೀಕ್ಷೆ ಎಂದು ರಜೆ. ಮದುವೆಯಾದಳು, ಅಳಿಯ ಬರುತ್ತಾನೆ ಎಂದು ರಜೆ. ಈಗ ಮೊಮ್ಮಗ. ಹೋಗಲಿ, ಅವರದಾದರೂ ಮನುಷ್ಯರ ಲೆಕ್ಕ. ನೀರಿಗೆ ಪುಡಿ ಬೆರೆಸುವ ಪೌಡರ್ ಇದ್ದಾನಲ್ಲ, ಅವನಿಗೆ ಮಕ್ಕಳಿಲ್ಲ, ಹೆಂಡತಿಗೂ ರಜೆಯಲ್ಲಿ ಡ್ಯೂಟಿ. ಅವನು ಕೊಟ್ಟ ಕಾರಣ ಕೇಳಿ: “ಪಟಾಕಿ ಸದ್ದಿಗೆ ನಮ್ಮ ನಾಯಿ ಹೆದರುತ್ತೆ ಅಕ್ಕ. ಮಂಚದ ಕೆಳಗೆ ಸೇರಿಕೊಂಡು ನಡುಗುತ್ತೆ. ಯಾರಾದ್ರೂ ಮನೇಲಿ ಇರಬೇಕು.” ರಜೆ ಮಂಜೂರು! ನಾಯಿಗೂ ಸಂಸಾರವಿತ್ತು, ವಾಲ್ವಕ್ಕನಿಗೆ ಇರಲಿಲ್ಲ.

ರಜೆ ಮುಗಿಸಿ ಬಂದವರೆಲ್ಲ “ನಿಮ್ಮ ಪಾಲಿನ ಕೇಕ್ ಎತ್ತಿಟ್ಟಿದ್ದೆವು ಅಕ್ಕ” ಎಂದು ಮನೆಯಿಂದ ತಂದ ಒಂದು ಡಬ್ಬಿ ತೆಗೆದು ಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಇರುವೆಗಳು ತಮ್ಮ ಹಬ್ಬ ಮುಗಿಸಿ ಹೋಗಿರುತ್ತಿದ್ದವು.

ಮನೆಯವರೇನು ಕಡಿಮೆಯೇ? ಅಣ್ಣ ಅತ್ತಿಗೆ ಪ್ರತಿ ವರ್ಷದ ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ದಿನ ಪ್ರವಾಸ ಹೊರಡುತ್ತಿದ್ದರು. ಅಮ್ಮ ಇರುವುದು ಅವರ ಮನೆಯಲ್ಲಿ. ಎಪ್ಪತ್ತೆಂಟರ ಮುದುಕಿಯನ್ನು ಎಲ್ಲಿ ಎಳೆದುಕೊಂಡು ಹೋಗುವುದು? ಅತ್ತಿಗೆ ಬೆಣ್ಣೆಯಂಥ ದನಿಯಲ್ಲಿ, “ನಿನಗೇನಮ್ಮ, ಡ್ಯೂಟಿ ಮುಗಿಸಿ ಹಾಗೇ ಬಂದು ಅತ್ತೆಗೆ ಊಟ ಕೊಟ್ಟು ಹೋಗು. ಗಿಡಕ್ಕೂ ಒಂದು ಚೊಂಬು ನೀರು ಹಾಕಿಬಿಡು” ಎನ್ನುತ್ತಿದ್ದಳು. ಎಂಟು ಗಂಟೆ ಊರಿಗೆ ನೀರು ಬಿಟ್ಟವಳು ಬಂದು ಅತ್ತಿಗೆಯ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಅಮ್ಮನಿಗೆ ಊಟ ಬಡಿಸಿ, ಮಾತ್ರೆ ಕೊಟ್ಟು, ಗಡಿಯಾರ ನೋಡಿಕೊಂಡು ಹೊರಡುತ್ತಿದ್ದಳು.

ಈ ವರ್ಷ ಮಾತ್ರ ಹಾಗಲ್ಲ ಎಂದು ಆಕೆ ಗಟ್ಟಿ ಮನಸ್ಸು ಮಾಡಿದ್ದಕ್ಕೆ ಒಂದು ಕುಚೋದ್ಯದ ಮಾತು ಕಾರಣ. ಶಾಲೆಯ ಕಾಲದ ಮೂವರು ಗೆಳತಿಯರು ಆಕೆಗಿದ್ದರು. ಅವರ ಮನೆಗಳಲ್ಲಿ ಉಂಡು, ಅವರ ಮಕ್ಕಳ ಮದುವೆಗಳಲ್ಲಿ ಪಾತ್ರೆ ಎಣಿಸಿ ಬಂದವಳು. ಅವರಲ್ಲೊಬ್ಬಳು, ಟೀಚರ್ ಆಗಿರುವವಳು, ಒಮ್ಮೆ ನಗುತ್ತ ಕೇಳಿದಳು: “ಅಲ್ವೇ, ನಿನ್ನ ಮನೆ ಅನ್ನೋದು ನಿಜವಾಗ್ಲೂ ಇದೆಯಾ? ಇಲ್ಲಾ ಪಂಪಿನ ಪಕ್ಕ ಚಾಪೆ ಹಾಸ್ಕೊಂಡು ಮಲಗ್ತೀಯಾ?”

ಎಲ್ಲರೂ ನಕ್ಕರು, ವಾಲ್ವಕ್ಕನೂ ನಕ್ಕಳು. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಮನೆ ಇತ್ತು. ಟೈಲರ್ ಅಂಗಡಿಯ ಮೇಲೆ ಮೂರನೇ ಮಹಡಿ, ಎರಡು ಕೋಣೆ, ಬೆಳಿಗ್ಗೆ ಬಿಸಿಲು ಬರುವ ಅಡುಗೆಮನೆ. ಎರಡು ವರ್ಷದ ಹಿಂದೆ ಬಾಡಿಗೆಗೆ ಹಿಡಿದು ಸುಣ್ಣ ಬಳಿಸಿದ್ದಳು. ಆದರೆ ಅಲ್ಲಿ ಒಬ್ಬರೂ ಕೂತು ಒಂದು ತುತ್ತು ಉಂಡಿರಲಿಲ್ಲ. ಈ ವರ್ಷದ ಕೊನೆಯ ದಿನ ಮಧ್ಯಾಹ್ನ ಮೂವರೂ ನನ್ನ ಮನೆಗೇ ಊಟಕ್ಕೆ ಬರಬೇಕು ಎಂದು ಫೋನು ಮಾಡಿ ಕರೆದಳು. ತಿಂಗಳ ಮೊದಲೇ ರಜೆ ಅರ್ಜಿ ಬರೆದು ಸಾಹೇಬರ ಸಹಿ ಹಾಕಿಸಿಕೊಂಡಳು. ಹಳೇ ಸಾಮಾನಿನ ಅಂಗಡಿಯಿಂದ ಊಟದ ಮೇಜು ತಂದಳು. ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಟೈಲರ್ ಬಂದು ಕಾಲುಗಳನ್ನು ಬಿಚ್ಚಿ ಕೊಡಬೇಕಾಯಿತು. ಅಣ್ಣನಿಗೂ ಹೇಳಿದಳು, ಈ ಸಲ ನನ್ನ ಮನೆಗೆ ಜನ ಬರ್ತಾರೆ, ನಾನು ಬರೋಕಾಗಲ್ಲ ಅಂತ. “ಆಯ್ತು ಬಿಡು, ಏನಾದ್ರೂ ವ್ಯವಸ್ಥೆ ಮಾಡ್ತೀನಿ” ಅಂದ ಅಣ್ಣ.

ಕೊನೆಯ ದಿನಕ್ಕೆ ಒಂದು ವಾರವಿರುವಾಗ ಪಂಪ್‌ಹೌಸಿನ ಅಂಗಳದಲ್ಲಿ ವರ್ಷಾಂತ್ಯದ ಕೂಟ. ಪ್ಲಾಸ್ಟಿಕ್ ಕುರ್ಚಿ, ಬಣ್ಣದ ಕಾಗದ, ಚಹಾ, ಕೇಕ್. ಎಲ್ಲರೂ ಮನೆಯವರೊಂದಿಗೆ ಬಂದಿದ್ದರು. ಪೌಡರ್ ನಾಯಿಯನ್ನೂ ತಂದಿದ್ದ. ಸಾಹೇಬರು ಎದ್ದು ನಿಂತು ವಾಲ್ವಕ್ಕನನ್ನು ಮುಂದೆ ಕರೆದು, ಗಾಜು ಹಾಕಿಸಿದ ಒಂದು ಪ್ರಶಸ್ತಿಪತ್ರ ಕೊಟ್ಟರು. ‘ನಮ್ಮ ಪಂಪ್‌ಹೌಸ್ ಕುಟುಂಬದ ಆಧಾರಸ್ತಂಭ’ ಎಂದು ಬಂಗಾರದ ಅಕ್ಷರ. ಚಪ್ಪಾಳೆ ಬಿತ್ತು. ಆಕೆ ಆ ಅಕ್ಷರಗಳನ್ನು ಎರಡೆರಡು ಸಲ ಓದಿಕೊಂಡಳು, ಸುಳ್ಳು ಯಾಕೆ ಹೇಳಲಿ. ಚಪ್ಪಾಳೆ ನಿಲ್ಲುವ ಮೊದಲೇ ಸಾಹೇಬರು ಮುಂದುವರಿಸಿದರು.

“ಮೂವತ್ತೊಂದನೇ ತಾರೀಕಿಗೂ ಇವರೇ ಇರ್ತಾರೆ. ಹಾಗಾಗಿ ನಾವೆಲ್ಲ ನಿಶ್ಚಿಂತೆಯಿಂದ ಹೋಗಿ ಬರಬಹುದು!”

ಮತ್ತೊಂದು ಚಪ್ಪಾಳೆ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ.

“ಸಾರ್, ಅವತ್ತು ನನಗೆ ರಜೆ ಇದೆ. ನೀವೇ ಸಹಿ ಹಾಕಿದ್ದೀರಿ.”

“ಹಾಕಿದ್ದೆ, ಹಾಕಿದ್ದೆ. ಮೋಟರ್ ಮಾಮನ ಮೊಮ್ಮಗ ಬರ್ತಿದ್ದಾನಂತಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಿಮ್ಮ ಮನೇಲಿ ಅಂಥದ್ದೇನು ವಿಶೇಷ?”

“ಊಟಕ್ಕೆ ಬರ್ತಾರೆ.”

“ಯಾರು?”

“ಸ್ನೇಹಿತರು.”

“ಓಹೋ, ಸ್ನೇಹಿತರಾ! ನಾನೆಲ್ಲೋ ಮನೆಯವರು ಅಂದ್ಕೊಂಡೆ.” ಸಾಹೇಬರು ನಕ್ಕರು. ಸಾಹೇಬರು ನಕ್ಕ ಮೇಲೆ ಉಳಿದವರು ನಗದೆ ಇರುತ್ತಾರೆಯೇ?

ವಾಲ್ವಕ್ಕನ ಪಿತ್ತ ನೆತ್ತಿಗೇರಿತು. ಇಪ್ಪತ್ತೆರಡು ವರ್ಷ ಎಣಿಸಿ ಎಣಿಸಿ ತಿರುಗಿಸಿದವಳು ಅವತ್ತು ಎಣಿಸದೆ ಬಾಯಿ ಬಿಟ್ಟಳು.

“ಪೌಡರ್‌ನ ನಾಯಿಗೆ ರಜೆ ಕೊಟ್ಟಿದ್ದೀರಿ ಸಾರ್. ಅಲ್ಲೇ ಕೂತಿದೆ ನೋಡಿ, ಕೇಕ್ ತಿಂತಾ. ನಾನು ಅದಕ್ಕಿಂತ ಕಡೆಯಾ? ಇವರ ಮಗಳ ಹಾಲುಹಲ್ಲಿನಿಂದ ಮೊಮ್ಮಗನ ಹಾಲುಹಲ್ಲಿನವರೆಗೂ ಇವರ ಡ್ಯೂಟಿ ಮಾಡಿದ್ದೀನಿ. ಒಂದು ದಿನ, ಒಂದೇ ಒಂದು ದಿನ ಕೇಳಿದರೆ ‘ಯಾರು ಬರ್ತಾರೆ’ ಅಂತ ವಿಚಾರಣೆ ಮಾಡ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ನನ್ನ ಮನೆಗೆ ಯಾರು ಬರ್ತಾರೋ ಅವರೇ ನನ್ನ ಮನೆಯವರು. ನಾನು ಬರಲ್ಲ. ಬೇಕಾದ್ರೆ ಈ ಗಾಜು ತಂದು ಮೋಟರ್ ಪಕ್ಕ ನಿಲ್ಲಿಸಿ. ಆಧಾರಸ್ತಂಭ ಅಂತ ಬರೆದಿದೆಯಲ್ಲ, ಅದೇ ನೀರು ಬಿಡಲಿ!”

ಪ್ರಶಸ್ತಿಪತ್ರವನ್ನು ಸಾಹೇಬರ ಕುರ್ಚಿಯ ಮೇಲಿಟ್ಟು ಆಕೆ ಕೂತಳು. ಮೊದಲು ಮಾತಾಡಿದ್ದು ಸಾಹೇಬರ ಹೆಂಡತಿ. “ಅವರು ಹೇಳ್ತಿರೋದರಲ್ಲಿ ತಪ್ಪೇನಿದೆ ರೀ? ನೀವೇ ಹೋಗಿ ಒಂದು ದಿನ ಚಕ್ರ ತಿರುಗಿಸಿ. ಮನೇಲಿದ್ದು ನೀವು ಕಡಿದು ಕಟ್ಟೆ ಹಾಕೋದು ಅಷ್ಟರಲ್ಲೇ ಇದೆ.”

ರಜೆ ಉಳಿಯಿತು. ಡ್ಯೂಟಿ ಸಾಹೇಬರ ತಲೆಗೂ ಪೌಡರ್‌ನ ತಲೆಗೂ ಬಿತ್ತು. ಜನ ನೀರಿಲ್ಲದೆ ಒದ್ದಾಡಬಾರದು ಎಂದು ವಾಲ್ವಕ್ಕ ಎಲ್ಲ ಸುತ್ತುಗಳ ಲೆಕ್ಕವನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದಳು. ಅಂಟಿಸುವಾಗಲೂ ಬೈಯುತ್ತಲೇ ಇದ್ದಳು.

ಆ ದಿನ ಬಂತು. ಬೆಳಿಗ್ಗೆ ಆರಕ್ಕೇ ಒಲೆ ಹಚ್ಚಿದಳು. ಹನ್ನೊಂದೂವರೆಗೆ ಅನ್ನ, ಎರಡು ಬಗೆಯ ಪಲ್ಯ, ಒಂದು ಸಿಹಿ ಎಲ್ಲ ಮುಗಿದು, ಮೇಜಿನ ಮೇಲೆ ಹೊಸ ಬಟ್ಟೆ ಹಾಸಿ ನಾಲ್ಕು ತಟ್ಟೆ ಇಟ್ಟಿದ್ದಳು. ಗೆಳತಿಯರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಕರೆಗಂಟೆ ಸದ್ದಾಯಿತು. ಸೌಟು ಹಿಡಿದೇ ಓಡಿಹೋಗಿ ಬಾಗಿಲು ತೆಗೆದರೆ ಅಣ್ಣ! ಅವನ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಅಮ್ಮನ ತೋಳು. ಮೂರು ಮಹಡಿ ಹತ್ತಿದ ಅಮ್ಮ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು.

“ಹೇಗೂ ಮನೇಲೇ ಇರ್ತೀಯಲ್ಲ ಅಂತ ಕರ್ಕೊಂಡು ಬಂದೆ. ಮಾತ್ರೆ ಎಲ್ಲ ಬ್ಯಾಗಲ್ಲಿದೆ. ನಾಲ್ಕನೇ ತಾರೀಕು ಬಂದು ಕರ್ಕೊಂಡು ಹೋಗ್ತೀನಿ.”

“ನನಗೆ ಒಂದು ಮಾತು ಕೇಳೋದಲ್ವಾ?”

“ಇದರಲ್ಲಿ ಕೇಳೋದೇನೇ? ಗಾಡಿ ಸ್ಟಾರ್ಟ್‌ನಲ್ಲೇ ಇದೆ, ಬರ್ತೀನಿ.” ಬ್ಯಾಗನ್ನು ಹೊಸಿಲಿನ ಬಳಿ ಇಟ್ಟು ಅವನು ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದೇಬಿಟ್ಟ.

ವಾಲ್ವಕ್ಕ ಕಂಬಿಯ ಮೇಲೆ ಬಗ್ಗಿ ಕೂಗಿದಳು. “ಲೋ ಅಣ್ಣಾ! ಅಮ್ಮ ಏನು ಪಾರ್ಸೆಲ್ ಅಂದ್ಕೊಂಡ್ಯಾ? ಬಾಗಿಲಲ್ಲಿಟ್ಟು ಓಡಿಹೋಗ್ತೀಯಲ್ಲೋ!” ಕೆಳಗೆ ಟೈಲರ್ ಅಂಗಡಿಯಿಂದ ಹೊರಬಂದು ಮೇಲೆ ನೋಡಿದ. ಕಾರಿನ ಕಿಟಕಿಯಿಂದ ಅತ್ತಿಗೆಯ ಕೈಯೊಂದು ಟಾಟಾ ಮಾಡಿ ಮಾಯವಾಯಿತು.

ಆಕೆಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಅಮ್ಮನತ್ತ ತಿರುಗಿ ಸೌಟು ಆಡಿಸುತ್ತ ಶುರು ಮಾಡಿದಳು. “ನೋಡಮ್ಮ, ನೀನೇ ನೋಡು ಇವರ ರೀತಿ! ಆಫೀಸಿನವರಿಗೂ ನಾನು ಲೆಕ್ಕಕ್ಕಿಲ್ಲ, ಮನೆಯವರಿಗೂ ಲೆಕ್ಕಕ್ಕಿಲ್ಲ. ಇವಳಿಗೂ ಒಂದು ಮನೆ ಇದೆ, ಇವಳಿಗೂ ಒಂದು ದಿನ ಬೇಕು ಅಂತ ಒಬ್ಬರಿಗಾದ್ರೂ ಅನ್ನಿಸುತ್ತಾ? ಕೇಳೋದೇ ಬೇಡ್ವಾ ಒಂದು ಮಾತು?”

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಉಸಿರು ಸರಿಹೋದ ಮೇಲೆ ಬಾಗಿಲಿನಿಂದಲೇ ಒಳಗೆ ಕಣ್ಣು ಹಾಯಿಸಿದಳು.

“ಯಾರನ್ನ ಕರೆದಿದ್ದೀಯೇ ಊಟಕ್ಕೆ?”

“ನನ್ನ ಗೆಳತಿಯರು ಮೂವರು.”

“ನಾನು ಇವತ್ತು ಎಲ್ಲಿರ್ತೀನಿ ಅಂದ್ಕೊಂಡಿದ್ದೆ ನೀನು?”

“ಅಣ್ಣ... ಏನೋ ವ್ಯವಸ್ಥೆ ಮಾಡ್ತಾನೆ ಅಂದ್ಕೊಂಡೆ.”

“ಹೂಂ. ವ್ಯವಸ್ಥೆ.” ಅಮ್ಮ ತಲೆಯಾಡಿಸಿದಳು. “ಮನೆ ಮಾಡಿ ಎರಡು ವರ್ಷ ಆಯ್ತು. ಇದರ ಬಾಗಿಲು ಯಾವ ಕಡೆಗಿದೆ ಅಂತ ನಾನು ನೋಡಿದ್ದು ಇವತ್ತೇ.”

“ಮೂರನೇ ಮಹಡಿ ಅಲ್ವಾಮ್ಮ... ನಿನ್ನ ಕೈಲಿ ಹತ್ತೋಕಾಗಲ್ಲ ಅಂತ...”

“ನನ್ನ ಕೇಳಿದ್ಯಾ?”

ವಾಲ್ವಕ್ಕ ಕೇಳಿರಲಿಲ್ಲ. ಗೆಳತಿಯರಿಗೆ ಎರಡೆರಡು ಸಲ ಫೋನು ಮಾಡಿದ್ದಳು, ಅವರಿಗೆ ಯಾವ ಪಲ್ಯ ಇಷ್ಟ ಎಂದು ವಿಚಾರಿಸಿದ್ದಳು, ಗೋಡೆಗೆ ಸುಣ್ಣ ಬಳಿಯುವವನಿಗೂ ಒಳಗೆ ಕೂರಿಸಿ ಚಹಾ ಕೊಟ್ಟಿದ್ದಳು. ಅಮ್ಮನನ್ನು ಕರೆಯಬೇಕು ಎಂದು ಹೊಳೆದೇ ಇರಲಿಲ್ಲ. ಇಷ್ಟು ದಿನ ಊರೆಲ್ಲ ಕೇಳುವಂತೆ ಬೈದ ಸಿಟ್ಟು ಈಗ ಆಕೆಯ ಕೆನ್ನೆಗೇ ಬಂದು ಬಾರಿಸಿತು. ಸೌಟನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ಅಮ್ಮನ ಕೈ ಹಿಡಿದಳು.

“ಅಮ್ಮಾ, ಇವತ್ತು ನಮ್ಮನೆಗೆ ಊಟಕ್ಕೆ ಬರಬೇಕು ನೀನು.”

ಅಮ್ಮ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಮೇಲಿನ ಮೆಟ್ಟಿಲಿನ ಮೇಲೆ ಕೂತು, ಮಂಡಿಯ ಮೇಲೆ ಸೀರೆ ಸರಿಮಾಡಿಕೊಂಡಳು.

“ಈಗ ಕರೀತಿದ್ದೀಯಲ್ಲ. ಇರು, ಯೋಚನೆ ಮಾಡಿ ಹೇಳ್ತೀನಿ.”

ಕೆಳಗೆ, ಹೇಳಿದ್ದಕ್ಕಿಂತ ಮೊದಲೇ ಬಂದ ಗೆಳತಿಯರ ಮಾತು, ನಗು ಕೇಳಿಸಿತು. ಮೆಟ್ಟಿಲು ಹತ್ತಲು ಶುರು ಮಾಡಿದ್ದರು. ಅಮ್ಮ ಕೂತಲ್ಲಿಂದ ಅಲ್ಲಾಡಲಿಲ್ಲ. ವಾಲ್ವಕ್ಕ ಬಾಗಿಲಲ್ಲೇ ನಿಂತು ಆಕೆಯ ಉತ್ತರಕ್ಕೆ ಕಾದಳು.