ಕೆಲಸವಿಲ್ಲದ ಅಳಿಯನಿಗೆ ಮದರಾಸಿನ ನೆರವು

ಮದರಾಸಿನ ನೂಲಿನ ಗಿರಣಿಯಲ್ಲಿ ನಾವು ಕೂಲಿ ಹೆಚ್ಚಿಸಿ ಎಂದು ಕೇಳಿದೆವು. ಮಾಲೀಕರು ಗೇಟಿಗೆ ಬೀಗ ಜಡಿದರು. ಕೆಲವು ವಾರಗಳಾದ ಮೇಲೆ ಬೀಗ ತೆಗೆದರೂ ಮುಂದೆ ನಿಂತು ಕೂಗಾಡಿದವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರಲ್ಲಿ ನಾನೂ ಒಬ್ಬ. ಆಗ ನನ್ನ ಹೆಂಡತಿ ಚೊಚ್ಚಲ ಬಸುರಿ.

ನಮ್ಮ ಕೂಲಿಕಾರರ ಸಂಘದಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು. ಕೆಲಸದಲ್ಲಿ ಉಳಿದವರು ತಮ್ಮ ಕೂಲಿಯಲ್ಲಿ ಒಂದಿಷ್ಟು ಮುರಿದು ಕೊಡುತ್ತಿದ್ದರು; ಕೆಲಸ ಹೋದವರ ಮನೆಯ ಒಲೆ ಆರದಂತೆ ಸಂಘ ಅದನ್ನು ತಿಂಗಳು ತಿಂಗಳು ಹಂಚುತ್ತಿತ್ತು. ಆದರೆ ಪಟ್ಟಣದ ಬಾಡಿಗೆ ಕಟ್ಟಿ ಆ ನೆರವಿನಲ್ಲಿ ಬದುಕುವುದು ಆಗದ ಮಾತು. ಹೆಂಡತಿಯ ತವರು ಮೈಸೂರು ಸೀಮೆಯಲ್ಲಿ, ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ದಾರಿಯಲ್ಲಿ. ಅಲ್ಲಿಗೆ ಹೋಗುತ್ತೇನೆಂದು ಸಂಘದಲ್ಲಿ ಹೇಳಿದಾಗ, “ಹೋಗು, ಮಹಾರಾಜರ ಸೀಮೆಗೆ ಹೋದರೂ ನೀನು ನಮ್ಮವನೇ. ಮನಿಯಾರ್ಡರ್ ಬರುತ್ತೆ. ಬೇರೆ ಕಡೆ ಕೂಲಿ ಸಿಕ್ಕಿದರೆ ಮಾತ್ರ ತಿಳಿಸಿಬಿಡಬೇಕು” ಎಂದರು.

ಹೀಗೆ ನಾನು ಮನೆ ಅಳಿಯನಾದೆ. ಆ ಮಾತಿನ ಮುಳ್ಳು ನಮ್ಮ ಕಡೆಯವರಿಗೆ ಗೊತ್ತು. ಅಂಚೆಯವನು ಬಂದು ಹೋದಾಗಲೆಲ್ಲ ಅರಳಿಕಟ್ಟೆಯ ಮೇಲೆ ಕೂತವರು, “ಏನ್ಲಾ, ಇವನಿಗೆ ಇಲ್ಲೊಂದು ಅತ್ತೆ ಮನೆ, ಮದರಾಸ್ನಾಗೊಂದು ಅತ್ತೆ ಮನೆ ಐತೆ ಕಣ್ಲಾ!” ಎಂದು ನಗುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ದಾಟಿ ಹೋಗುತ್ತಿದ್ದೆ.

ಅತ್ತೆ ವಿಧವೆ. ತುಂಡು ಹೊಲ, ಅದರ ಅರ್ಧಕ್ಕೆ ಹಿಪ್ಪುನೇರಳೆ, ಮನೆಯ ನಡುಮನೆ ತುಂಬ ರೇಷ್ಮೆಹುಳದ ತಟ್ಟೆಗಳು. ಅತ್ತೆ ಅಳಿಯನ ಎದುರಿಗೆ ನಿಲ್ಲುವ, ನೇರ ಮಾತಾಡುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ನಾನು ಒಳಗೆ ಬಂದರೆ ಆಕೆ ಸೆರಗೆಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದರು. ಅಲ್ಲಿಂದಲೇ, “ಅಳಿಯಂದ್ರಿಗೆ ಇನ್ನೊಂದು ಮುದ್ದೆ ಇಕ್ಕವ್ವ” ಎಂದು ಮಗಳಿಗೆ ಹೇಳುವುದು ಕೇಳಿಸುತ್ತಿತ್ತು. ನನ್ನ ಕೆಲಸದ ವಿಷಯವನ್ನು ಎತ್ತಿದವರೇ ಅಲ್ಲ. ಕೂತು ಉಣ್ಣುವುದು ನನಗೇ ಕಷ್ಟವಾಗಿ, ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದನ್ನು ಕಲಿತೆ. ಹುಳ ಕಡೆಯ ಜ್ವರದಿಂದ ಎದ್ದರೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟರೆ, ಅದರ ಹಸಿವು ಎಂಥದೆಂದು ಸಾಕಿದವರಿಗೇ ಗೊತ್ತು. ಎಷ್ಟು ಸೊಪ್ಪು ಹಾಕಿದರೂ ಮಳೆ ಹನಿಯುವ ಹಾಗೆ ಸದ್ದು ಮಾಡುತ್ತಾ ಮುಗಿಸಿಬಿಡುತ್ತವೆ.

ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತೇನೆ, ಜಗುಲಿಯ ಮೇಲೆ ಸಂಘದ ಹಿರಿಯರೊಬ್ಬರು ಕೂತಿದ್ದಾರೆ! ನಮ್ಮ ಗಿರಣಿಯಲ್ಲೇ ದುಡಿದವರು, ಹೊಸೂರಿನ ಕಡೆಯವರಾದ್ದರಿಂದ ಕನ್ನಡ ಬಲ್ಲವರು. ಮದರಾಸು ಬಿಟ್ಟು ಹೋದ ಕೆಲವರು ಅತ್ತ ಕೂಲಿಯನ್ನೂ ಇತ್ತ ನೆರವನ್ನೂ ತೆಗೆದುಕೊಳ್ಳುತ್ತಿದ್ದಾರೆಂದು ಸುದ್ದಿಯಾಗಿ, ಕಣ್ಣಾರೆ ನೋಡಿ ಬರಲು ಹೊರಟಿದ್ದರು. ರೈಲಿಳಿದು ಚನ್ನಪಟ್ಟಣದಿಂದ ಆ ಬಿಸಿಲಲ್ಲಿ ನಡೆದೇ ಬಂದಿದ್ದರು.

ನನ್ನ ತಲೆಯ ಹೊರೆ ನೋಡಿ ಅವರ ಮುಖ ಸಣ್ಣದಾಯಿತು. “ಕೆಲಸ ಸಿಕ್ಕಿದೆಯಲ್ಲ ತಮ್ಮಾ. ಒಂದು ಕಾಗದ ಬರೆಯಬಾರದಿತ್ತೇ?”

“ಕೆಲಸವಲ್ಲ ಅಣ್ಣಾ, ಇದು ಮನೇದು...” ಎಂದೆ. ಹೊರೆ ಇಳಿಸುವ ನೆಪದಲ್ಲಿ ಮುಖ ತಿರುಗಿಸಿದೆ. ಅತ್ತೆ ಮನೆಯಲ್ಲಿ ಉಂಡುಕೊಂಡು ಸೊಪ್ಪು ಹೊರುತ್ತಿದ್ದೇನೆಂದು ಬಾಯಿಬಿಟ್ಟು ಹೇಳಲು ನಾಚಿಕೆ.

“ನನಗೂ ಹೇಳೋಕೆ ಸಂಕಟ. ಆದರೆ ಅಲ್ಲಿ ಮಕ್ಕಳಿಗೆ ಗಂಜಿಯಿಲ್ಲದವರು ಕಾಯುತ್ತಿದ್ದಾರೆ. ದುಡಿಮೆ ಇರೋನಿಗೆ ಕೊಟ್ಟರೆ ಅವರಿಗೆ ಏನು ಹೇಳಲಿ?”

ಆಗ ಬಾಗಿಲು ಕಿರ್ರೆಂದಿತು. ಅತ್ತೆ ಹೊಸ್ತಿಲು ದಾಟಿ ಬಂದು, ನಮ್ಮಿಬ್ಬರ ಎದುರಿಗೇ ನಿಂತುಬಿಟ್ಟರು. ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು.

“ಅಣ್ಣಯ್ಯ, ಬಿಸ್ಲಾಗೆ ಬಂದಿದ್ದೀರಿ, ಮೊದ್ಲು ಒಸಿ ಮಜ್ಜಿಗೆ ಕುಡೀರಿ. ಆಮೇಲೆ ನಂದೊಂದು ಮಾತು ಕೇಳಿ. ನನ್ನ ಮಗಳು ಕೋಳಿ ಕೂಗೋ ಹೊತ್ತಿಗೆದ್ದು ಕಸ ಬಳೀತಾಳೆ, ನೀರು ಹೊರ್ತಾಳೆ, ಹುಳಕ್ಕೆ ಸೊಪ್ಪು ಹಾಕ್ತಾಳೆ. ಅವಳಿಗೆ ಕೆಲಸ ಸಿಕ್ಕೈತೆ ಅಂತ ಯಾರಾದ್ರೂ ಅಂತಾರಾ?”

ನನ್ನ ಹೆಂಡತಿ ತಂದುಕೊಟ್ಟ ಮಜ್ಜಿಗೆಯ ಲೋಟವನ್ನು ಹಿರಿಯರು ಕೈಗೆ ತೆಗೆದುಕೊಂಡರು.

“ಅನ್ನಾಕಿಲ್ಲ. ಯಾಕಂದ್ರೆ ಕೂಲಿ ಇಲ್ಲ. ಇವರೂ ಅಂಗೇಯ. ಮಗ ಇದ್ದಿದ್ರೆ ಹೊರ್ತಿದ್ದ, ಮಗ ಇಲ್ಲ, ಇವರು ಹೊರ್ತಾವ್ರೆ. ನಾನು ಕೂಲಿ ಕೊಟ್ಟಿಲ್ಲ, ಕೊಡಾಕೆ ನನ್ನ ತಾವ ಇಲ್ಲ. ನಾಳೆ ಬೇರೇರ ಕೈಯಿಂದ ಇವರು ಒಂದೇ ಒಂದು ದಿನದ ಕೂಲಿ ಈಸ್ಕಂಡ್ರೂ, ನಿಮ್ಗೆ ತಿಳ್ಸೋ ಜವಾಬ್ದಾರಿ ನಂದು. ಕೈ ಕಟ್ಕಂಡು ಜಗುಲಿ ಮ್ಯಾಲೆ ಕೂತಿದ್ರೇನೇ ಕೆಲಸ ಇಲ್ದೋನು ಅಂತ ನಂಬ್ತೀರಾ? ಅಂಥ ಸೋಮಾರಿಗಾ ನಿಮ್ಮ ಜನ ಹೊಟ್ಟೆ ಕಟ್ಟಿ ದುಡ್ಡು ಕಳ್ಸೋದು?”

ಹಿರಿಯರು ಮಜ್ಜಿಗೆ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟು ನಕ್ಕರು. “ತಾಯಿ, ನಾವು ಆ ಕಟ್ಟಳೆ ಮಾಡುವಾಗ ನಿಮ್ಮನ್ನ ಕರೆಸಬೇಕಿತ್ತು” ಎಂದರು.

ನೆರವು ನಿಲ್ಲಲಿಲ್ಲ. ಅವರು ಅಂದು ನಮ್ಮಲ್ಲೇ ಹುರುಳಿಕಾಳಿನ ಸಾರಿನಲ್ಲಿ ಮುದ್ದೆ ಉಂಡರು. “ನಮ್ಮ ಕಡೆ ಇದನ್ನ ಕಳಿ ಅಂತೀವಿ, ಆದರೆ ಇಷ್ಟು ಗಟ್ಟಿ ಅಲ್ಲ” ಎಂದಾಗ, “ಇಲ್ಲಿಯೋರೂ ಗಟ್ಟಿನೇ ಬುಡಿ” ಎಂದಳು ನನ್ನ ಹೆಂಡತಿ, ತಾಯಿಯ ಕಡೆ ನೋಡಿ.

ನನ್ನೊಳಗೆ ಏನೋ ಇಳಿದು ಹಗುರವಾಗಿತ್ತು. ಮಾರನೆಯ ದಿನದಿಂದ ಸೊಪ್ಪಿನ ಹೊರೆ ಹೊತ್ತು ಅರಳಿಕಟ್ಟೆಯ ಮುಂದೆಯೇ ಬಂದೆ. ಯಾರೋ ಏನೋ ಅಂದರು. “ಹೂಂ ಕಣಪ್ಪ, ನನಗೆ ಕೆಲಸ ಇಲ್ಲ, ನಿಮ್ಮ ಕಡೆ ಇದ್ರೆ ಹೇಳಿ” ಎಂದೆ. ತಮಾಷೆಗೆ ಹೇಳಿದ್ದಲ್ಲ. ಅವರಲ್ಲೊಬ್ಬ ಅದನ್ನು ನಿಜವಾಗಿ ತಲೆಗೆ ಹಾಕಿಕೊಂಡ. ಚನ್ನಪಟ್ಟಣದಲ್ಲಿ ಒಬ್ಬರು ಸಾಹುಕಾರರು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಸಣ್ಣ ಕಾರ್ಖಾನೆ ಇಡುತ್ತಿದ್ದಾರೆ, ಯಂತ್ರದ ಜೊತೆ ಪಳಗಿದವರು ಬೇಕಂತೆ ಎಂದು ಒಂದೆರಡು ತಿಂಗಳ ಮೇಲೆ ಸಂತೆಯಿಂದ ಸುದ್ದಿ ತಂದ. ಹೋದೆ. ಗಿರಣಿಯಲ್ಲಿ ದುಡಿದ ಕೈ ಎಂದು ತಿಳಿದು ಆ ದಿನವೇ ಕೆಲಸಕ್ಕೆ ಸೇರಿಸಿಕೊಂಡರು.

ಸಂಜೆ ಬಂದು ಹೇಳಿದೆ. ನಮ್ಮ ಹುಡುಗಿ ಹುಟ್ಟಿ ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಬಾಣಂತಿ ಖರ್ಚು ತಲೆಯ ಮೇಲಿತ್ತು. ಮೊದಲ ಸಂಬಳ ಕೈಸೇರುವ ತನಕ ಇನ್ನೊಂದು ಮನಿಯಾರ್ಡರ್ ಬರಲಿ ಎಂದು ನೆರೆಯವರು ಬುದ್ಧಿ ಹೇಳಿದರು. ಅತ್ತೆ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವರು ತಲೆ ಎತ್ತಲಿಲ್ಲ. “ಆ ದುಡ್ಡಿಗೆ ಅಲ್ಲೊಂದು ಬಾಣಂತಿ ಕಾಯ್ತಿರಬೌದು. ಈ ವತ್ತೇ ಕಾಗ್ದ ಬರ್ದಾಕ್ಬುಡಿ” ಎಂದರು. ನನಗೇ ನೇರವಾಗಿ ಹೇಳಿದರು.

ಬರೆದೆ. ಕಾರ್ಖಾನೆಯ ಮೊದಲ ಸಂಬಳ ಬರುವವರೆಗೆ ಆಕೆ ತಮ್ಮ ಹಾಲು ಕೊಡುವ ಮೇಕೆಯನ್ನು ಮಾರಿ ಮಗಳಿಗೆ ಬಾಣಂತನ ಮಾಡಿದರು. ಮಾರಿದ್ದು ನನಗೆ ಗೊತ್ತಾದದ್ದು ಕೊಟ್ಟಿಗೆಯ ಗೂಟ ಬರಿದಾಗಿರುವುದನ್ನು ನೋಡಿದಾಗಲೇ. ಕೇಳಿದರೆ, “ಅದು ಬಲು ತುಂಟ ಮೇಕೆ, ಎಲ್ಲಾರ ಹೊಲಕ್ಕೂ ನುಗ್ತಿತ್ತು” ಎಂದು ಮಗುವನ್ನು ಎತ್ತಿಕೊಂಡು ಬಿಸಿಲು ಕಾಯಿಸಲು ಹೊರಗೆ ಹೋದರು.